ಬಾಡಿಗೆ ಆಯಾಗಳು ಬಾರದ ದಿನ

ಮಕ್ಕಳು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕೇಳಿ ಕೇಳಿ ಅವರ ಅಪ್ಪ ಅಮ್ಮಂದಿರಿಗೂ ಅವಳು ದೊಡ್ಡಮ್ಮನೇ ಆಗಿಬಿಟ್ಟಳು. ಬೀದಿಯ ಕೊನೆಯಲ್ಲಿದ್ದ ಡೇ ಕೇರ್ ಶುರುವಾದಾಗಿನಿಂದಲೂ ಮಹಡಿಯ ಮೇಲಿನ ಕೂಸುಗಳ ಕೋಣೆ ಅವಳದು. ಗಂಡ ತೀರಿಕೊಂಡಿದ್ದ, ಸ್ವಂತ ಮಕ್ಕಳಿರಲಿಲ್ಲ, ನಾದಿನಿಯ ಜೊತೆ ಇದ್ದಳು. ಒಂದು ಕೂಸನ್ನು ಸೊಂಟಕ್ಕೇರಿಸಿ, ಇನ್ನೊಂದಕ್ಕೆ ಹಾಲು ಕುಡಿಸುತ್ತಾ, ಕಾಲಲ್ಲಿ ತೊಟ್ಟಿಲು ತೂಗುತ್ತಿದ್ದಳು. "ಇನ್ನೊಂದು ಕಾಲಿದ್ದಿದ್ರೆ ನೆಲಾನೂ ಒರೆಸ್ತಿದ್ದೆ" ಎಂದು ತಾನೇ ನಗುತ್ತಿದ್ದಳು.

ಆ ನಗು ಹೆಚ್ಚು ಕಾಲ ಉಳಿಯಲಿಲ್ಲ. ಡೇ ಕೇರ್ ನಡೆಸುತ್ತಿದ್ದ ಮೇಡಂ ಆಯಾಗಳನ್ನು ಒಬ್ಬೊಬ್ಬರನ್ನಾಗಿ ಕೆಲಸದಿಂದ ಬಿಡಿಸತೊಡಗಿದರು. ಮಕ್ಕಳು ಮಾತ್ರ ಹೆಚ್ಚುತ್ತಲೇ ಇದ್ದರು. ಕಡೆಗೆ ಪಕ್ಕದ ಕೋಣೆಯ, ಓಡಾಡುವ ಮಕ್ಕಳನ್ನೂ ಇವಳೇ ನೋಡಿಕೊಳ್ಳಬೇಕೆಂದರು.

"ಎರಡು ರೂಮಿಗೆ ನಾನೊಬ್ಳೇ ಆಗಲ್ಲ ಮೇಡಂ."

"ನಡುವೆ ಇರೋದು ಒಂದು ಬಾಗಿಲು ತಾನೆ? ತೆಗೆದಿಟ್ಕೋ. ಎರಡೂ ಕಾಣುತ್ತೆ."

ಆ ಬಾಗಿಲೇ ಮುಳುವಾಯಿತು. ಒಂದು ಮಧ್ಯಾಹ್ನ ಅವಳು ಕೂಸಿನ ಬಟ್ಟೆ ಬದಲಿಸುತ್ತಿದ್ದಾಗ ಯಾವುದೋ ಮಗು ಬಾಗಿಲನ್ನು ದೂಡಿತು. ಸಂದಿನಲ್ಲಿ ಕೈಯಿಟ್ಟಿದ್ದ ಪುಟ್ಟ ಹುಡುಗಿಯ ಬೆರಳ ತುದಿ ಜಜ್ಜಿಹೋಯಿತು. ಮೇಡಂ ಆಗ ಕೆಳಗೆ, ಹೊಸದಾಗಿ ವಿಚಾರಿಸಲು ಬಂದವರಿಗೆ ಆಟದ ಅಂಗಳ ತೋರಿಸುತ್ತಿದ್ದರು.

ಸಂಜೆ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ಮೇಡಂ ಅವಳನ್ನು ಗೇಟಿನ ಬಳಿ ಎಲ್ಲರೆದುರು ನಿಲ್ಲಿಸಿದರು. "ಫೋನ್ ನೋಡ್ತಾ ಕೂತಿದ್ಲು. ಇವತ್ತೇ ಕೆಲಸದಿಂದ ತೆಗೆದಿದ್ದೀನಿ" ಎಂದರು. ಅವಳ ಫೋನು ದಿನವಿಡೀ ಮೇಡಂ ಅವರ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಆ ನಿಯಮ ಅವರದೇ. ಅವಳು ಹೇಳಿಯೂ ಹೇಳಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಯಾರು ಕೇಳುತ್ತಾರೆ? ಪೆಟ್ಟಾದ ಹುಡುಗಿಯ ತಾಯಿ ಹತ್ತಿರ ಬಂದು, "ನಿನಗೊಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು" ಎಂದಳು.

ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು. ಆದರೆ ಸಿಟ್ಟು ಆ ತಾಯಿಯ ಮೇಲಲ್ಲ. ಅವಳ ಬಾಯಲ್ಲಿ ಆ ಮಾತು ಬರಿಸಿದವರ ಮೇಲೆ.

ಆಮೇಲೆ ಯಾವ ಮನೆಯವರೂ ಅವಳ ಕೈಗೆ ಮಗು ಕೊಡಲಿಲ್ಲ. ನಾದಿನಿಯ ಹೊಲಿಗೆ ಅಂಗಡಿ ಡೇ ಕೇರಿನ ಎದುರಿಗೇ ಇತ್ತು. ಅಲ್ಲಿ ಕೂತು ಗುಂಡಿ ಹಚ್ಚುವುದು, ಅಂಚು ಮಡಿಚುವುದು ಮಾಡತೊಡಗಿದಳು. ಎದುರಿನ ಮಹಡಿಯಿಂದ ಅಳು ಕೇಳಿಸುತ್ತಿತ್ತು. ಇದು ಹಸಿವು, ಇದು ನಿದ್ದೆ, ಇದು ಹೆದರಿಕೆ ಎಂದು ಕೂತಲ್ಲೇ ತಿಳಿಯುತ್ತಿತ್ತು. ಹಲ್ಲಲ್ಲಿ ದಾರ ಕಡಿಯುತ್ತಾ, "ಆ ಗೇಟಲ್ಲೇ ನಿಂತು ಆ ಮೇಡಂ ನಿಜ ಬಾಯಿ ಬಿಡಬೇಕು. ಅಲ್ಲೀವರೆಗೂ ನನಗೆ ಅನ್ನ ಮೈಗೆ ಹತ್ತಲ್ಲ" ಎನ್ನುತ್ತಿದ್ದಳು.

ಒಂದು ದಿನ ಮೇಡಂ ತಾವಾಗಿಯೇ ಅಂಗಡಿಗೆ ಬಂದರು. ದೊಡ್ಡಮ್ಮ ಅಲ್ಲೇ ಕೂತಿದ್ದರೂ ಅವಳೊಂದು ಮುರುಕು ಸ್ಟೂಲೇನೋ ಎಂಬಂತೆ ಅವಳ ತಲೆಯ ಮೇಲಿಂದಲೇ ಮಾತಾಡಿದರು. "ಯೂನಿವರ್ಸಿಟಿಯವರು ಗುರುವಾರ ಮತ್ತೆ ಬರ್ತಿದ್ದಾರೆ. ಹೋದ್ಸಲದ ಹಾಗೇ ನಿಮ್ಮ ಹೆಂಗಸರನ್ನ ಕಳಿಸಿ. ಏಪ್ರನ್ ಹಾಕ್ಕೊಂಡು ನಿಂತಿದ್ರೆ ಸಾಕು."

ಡೇ ಕೇರ್‌ಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಎಷ್ಟು ಕೈಗಳಿವೆ, ಆ ಕೈಗಳು ಎಷ್ಟು ಕಾಲ ಉಳಿಯುತ್ತವೆ, ಮಕ್ಕಳು ಹೇಗಿದ್ದಾರೆ ಎಂದು ಅಧ್ಯಯನ ಮಾಡುವ ಯೂನಿವರ್ಸಿಟಿಯ ಸಂಶೋಧಕಿ, ದೊಡ್ಡಮ್ಮನ ಕೆಲಸ ಹೋದ ಹೊಸದರಲ್ಲಿ ಒಮ್ಮೆ ಬಂದಿದ್ದಳು. ಅವತ್ತು ಕೋಣೆ ತುಂಬ ಏಪ್ರನ್ ತೊಟ್ಟು ಆಯಾಗಳಂತೆ ನಿಂತ, ನಾದಿನಿಯ ಅಂಗಡಿಯ ಟೈಲರ್‌ಗಳೇ. ಒಳ್ಳೆಯ ಅಂಕ ಬಂದಿತ್ತು. ಅದನ್ನೇ ಬೋರ್ಡು ಮಾಡಿಸಿ ಗೇಟಿಗೆ ತಗುಲಿಸಿ ಮೇಡಂ ಇನ್ನಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದರು.

ಮೇಡಂ ಅತ್ತ ಹೋಗುತ್ತಲೇ ದೊಡ್ಡಮ್ಮ ಸೂಜಿ ಕೆಳಗಿಟ್ಟಳು. "ಮೇಡಂಗೆ ಹೂಂ ಅಂತ ಹೇಳಿಬಿಡಿ. ಗುರುವಾರ ಯಾರೂ ಹೋಗ್ಬೇಡಿ."

"ಅತ್ತಿಗೆ, ಸುಮ್ನೆ ಯಾಕೆ ಎದುರು ಹಾಕ್ಕೊಳ್ಳೋದು?" ಎಂದಳು ನಾದಿನಿ.

"ಫೋನ್ ನೋಡ್ತಿದ್ದೆ ಅಂತ ಹೇಳಿದಾಗ ನೀನು ಗೇಟಲ್ಲಿ ಇರ್ಲಿಲ್ಲ. ನಾನಿದ್ದೆ."

ಗುರುವಾರ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಸಂಶೋಧಕಿ ಬಂದಳು, ಮೇಲೆ ಹೋದಳು. ತುಸು ಹೊತ್ತಿಗೆ ಮೇಡಂ ಓಡಿಬಂದು ಷಟರ್ ಬಡಿದರು. "ಬನ್ನಿ, ಅವರು ಬಂದಾಯ್ತು. ಏನ್ ಮಾಡ್ತಿದ್ದೀರಿ?" ಒಳಗಿನಿಂದ ಮೆಷಿನ್ನಿನ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ದೊಡ್ಡಮ್ಮನೇ ತುಳಿಯುತ್ತಿದ್ದಳು.

ಮೇಲಿದ್ದದ್ದು ಹೊಸದಾಗಿ ಸೇರಿದ್ದ ಒಬ್ಬಳೇ ಹುಡುಗಿ. ಒಂದು ಮಗು ಅತ್ತಿತು, ಇನ್ನೊಂದು ಸೇರಿಕೊಂಡಿತು. ನಂತರ ಅವೆಲ್ಲವನ್ನೂ ಮೀರಿ, ಉಸಿರು ಕಟ್ಟಿ ಕಟ್ಟಿ ಬರುವ ಒಂದು ಅಳು. ಗುಂಡು ತಲೆಯಿಂದಾಗಿ ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದವನದು. ಕತ್ತು ನಿಲ್ಲದ ಕೂಸಾಗಿದ್ದಾಗಿನಿಂದ ದೊಡ್ಡಮ್ಮ ಎತ್ತಾಡಿಸಿದ ಹುಡುಗ.

"ಅತ್ತಿಗೆ, ಅದು ಬಟಾಣಿ ಅಲ್ವಾ?"

"ಕೇಳಿಸ್ತಿದೆ."

"ಹೋಗಿ ಮತ್ತೆ."

"ಆ ಯೂನಿವರ್ಸಿಟಿಯವರಿಗೂ ಕೇಳಿಸ್ಲಿ."

ಎದೆಗೆ ಕಲ್ಲು ಕಟ್ಟಿಕೊಂಡು ತುಳಿಯುತ್ತಲೇ ಇದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದ್ದನ್ನು ನಾದಿನಿ ನೋಡಿದಳು.

ಅರ್ಧ ದಿನದ ಮಕ್ಕಳನ್ನು ಕರೆದೊಯ್ಯಲು ತಂದೆ ತಾಯಂದಿರು ಗೇಟಿನಲ್ಲಿ ಸೇರತೊಡಗಿದಾಗ ದೊಡ್ಡಮ್ಮ ಎದ್ದು ಹೋದಳು. ಬರೀ ಕರುಳು ಚುರುಕ್ ಎಂದಿದ್ದಕ್ಕೇ ಹೋದಳು ಎಂದರೆ ಸುಳ್ಳಾದೀತು. ಅವಳು ಕಾಯುತ್ತಿದ್ದದ್ದು ಆ ಹೊತ್ತಿಗಾಗಿಯೇ.

ಮೇಲೆ ಸಂಶೋಧಕಿ ಬರೆಯುವುದನ್ನು ಬಿಟ್ಟು, ಒಂದು ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಅವಳ ಉಡುಪು ಒದ್ದೆಯಾಗಿತ್ತು. ಬಟಾಣಿ ದೊಡ್ಡಮ್ಮನನ್ನು ಕಂಡವನೇ ಎಡವಿಕೊಂಡು ಓಡಿಬಂದು ಅವಳ ಮಂಡಿ ಹಿಡಿದ. ಎತ್ತಿಕೊಂಡ ಕೂಡಲೇ ಅಳು ನಿಂತು ಬಿಕ್ಕಳಿಕೆಯಷ್ಟೇ ಉಳಿಯಿತು.

"ಇವರು?" ಎಂದಳು ಸಂಶೋಧಕಿ.

"ನಮ್ಮವರೇ. ಊರಿಗೆ ಹೋಗಿದ್ರು" ಎಂದರು ಮೇಡಂ. ಮಾತಿನಲ್ಲಿ ಎಂದೂ ಇಲ್ಲದ ಬಹುವಚನ.

"ಯಾವ ಊರಿಗೂ ಹೋಗಿರ್ಲಿಲ್ಲ. ಎದುರುಗಡೆ ಅಂಗಡೀಲೇ ಇದ್ದೆ."

ಮೇಡಂ ಅವಳನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದರು. "ಇವತ್ತೊಂದು ದಿನ ನಿಂತ್ಕೋ. ನಾಳೆಯಿಂದ ಕೆಲಸಕ್ಕೆ ಬಾ. ಏನ್ ಬೇಕು ಹೇಳು."

"ಗೇಟಲ್ಲಿ ಜನ ನಿಂತಿದ್ದಾರೆ. ಅವತ್ತು ನಿಂತ ಜಾಗದಲ್ಲೇ ನಿಂತು, ನಿಜ ಏನು ಅಂತ ಹೇಳಿ."

ಮೇಡಂಗೆ ಅತ್ತ ದರಿ, ಇತ್ತ ಪುಲಿ. ಮೇಲಿಂದ ಅಳು, ಹಿಂದೆ ಸಂಶೋಧಕಿ. ಇಳಿದು ಬಂದು ಗೇಟಿನಲ್ಲಿ ಏನೋ ಗೊಣಗಿದರು.

"ಕೇಳಿಸ್ಲಿಲ್ಲ" ಎಂದಳು, ಬಟಾಣಿಯನ್ನು ಎತ್ತಿಕೊಂಡೇ ಹಿಂದೆ ಬಂದಿದ್ದ ದೊಡ್ಡಮ್ಮ.

"ಇವರ ಹತ್ರ ಅವತ್ತು ಫೋನ್ ಇರ್ಲಿಲ್ಲ. ಎರಡು ರೂಮಿಗೂ ಇವರೊಬ್ರೇ ಇದ್ರು. ಹಾಗೆ ಬಿಟ್ಟಿದ್ದು ನಾನು."

ಪೆಟ್ಟಾದ ಹುಡುಗಿಯ ತಾಯಿಯೂ ಆ ಗುಂಪಿನಲ್ಲಿದ್ದಳು. ಮೇಡಂ ಬೆವರು ಒರೆಸಿಕೊಂಡು, "ಆಯ್ತಲ್ಲ, ಮೇಲೆ ಹೋಗು" ಎಂದರು.

ದೊಡ್ಡಮ್ಮ ಕುತ್ತಿಗೆಗೆ ಬಿಗಿದಿದ್ದ ಬಟಾಣಿಯ ಕೈಗಳನ್ನು ಬಿಡಿಸಿ ಅವನನ್ನು ಮೇಡಂ ತೋಳಿಗೆ ದಾಟಿಸಿದಳು. "ನಾನು ಬರ್ತೀನಿ ಅಂತ ಹೇಳ್ಲಿಲ್ವಲ್ಲ. ನೀವೇ ನೋಡ್ಕೊಳ್ಳಿ." ಬಟಾಣಿ ಅವಳತ್ತ ಎರಡೂ ಕೈ ಚಾಚಿದ. ಅವನಮ್ಮ ಇನ್ನೂ ಬಂದಿರಲಿಲ್ಲ. ದೊಡ್ಡಮ್ಮ ರಸ್ತೆ ದಾಟಿದಳು. ಅಂಗಡಿ ಸೇರುವವರೆಗೂ ಆ ಅಳು ಬೆನ್ನಿಗೆ ಬಡಿಯುತ್ತಿತ್ತು. ಅವಳು ತಿರುಗಲಿಲ್ಲ.

ಸಂಜೆ ಸಂಶೋಧಕಿ ಅಂಗಡಿಗೆ ಬಂದಳು. "ಹೋದ್ಸಲ ಅಷ್ಟು ಜನ ಆಯಾಗಳಿದ್ರೂ ಬಿದ್ದ ಮಗು ಒಬ್ಬರ ಹತ್ರಾನೂ ಹೋಗ್ಲಿಲ್ಲ. ಅದಕ್ಕೇ ಮತ್ತೆ ಬಂದೆ" ಎಂದಳು. ಟೈಲರ್‌ಗಳು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಬೋರ್ಡು ಇಳಿಯಿತು. ತಂದೆ ತಾಯಂದಿರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿದರು. ಮಳೆಗಾಲ ಮುಗಿಯುವುದರೊಳಗೆ ಡೇ ಕೇರಿಗೆ ಬೀಗ ಬಿತ್ತು.

ಬೆರಳು ಜಜ್ಜಿದ ಹುಡುಗಿಯ ತಾಯಿ ಕ್ಷಮೆ ಕೇಳಲು ಬಂದಾಗ ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು. "ಬೆರಳು ಹೇಗಿದೆ?" ಎಂದಳು.

"ಉಗುರು ಬಂದಿದೆ. ಸ್ವಲ್ಪ ಸೊಟ್ಟ."

"ಬಂತಲ್ಲ, ಸಾಕು." ಕೂತ್ಕೋ ಎನ್ನಲಿಲ್ಲ.

ಈಗ ಅವಳು ಒಂದು ಆಸ್ಪತ್ರೆಯ ನೌಕರರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಕೋಣೆಯಲ್ಲಿ ಜೊತೆಗೆ ಇನ್ನಿಬ್ಬರಿದ್ದಾರೆ. ಕೂತು ಊಟ ಮಾಡಲು ಹೊತ್ತು ಸಿಗುತ್ತದೆ. ಒಮ್ಮೆ ಮಾರ್ಕೆಟ್ಟಿನಲ್ಲಿ ಬಟಾಣಿ ಎದುರಾದ. ಕರೆದರೆ ಅಮ್ಮನ ಕಾಲ ಹಿಂದೆ ಸರಿದ. "ಮರೆತಿದ್ದಾನೆ, ಬೇಜಾರ್ ಮಾಡ್ಕೋಬೇಡಿ" ಎಂದಳು ಅವನಮ್ಮ.

ಮನೆಗೆ ಬಂದು ನಾದಿನಿಗೆ ಇಷ್ಟೇ ಹೇಳಿದಳು: "ಮರೆತಿದ್ರೆ ಬಚ್ಚಿಟ್ಕೊಳ್ತಿರ್ಲಿಲ್ಲ."

"ಹಾಗಾದ್ರೆ ಅವತ್ತು ಮಾಡಿದ್ದು ತಪ್ಪು ಅನಿಸುತ್ತಾ ಅತ್ತಿಗೆ?"

"ಮಗು ವಿಷಯಕ್ಕೆ ಅನಿಸುತ್ತೆ. ಆ ಮೇಡಂ ವಿಷಯಕ್ಕೆ ಇಲ್ಲ."

ಮೇಡಂ ಈಗ ಮುಖ್ಯರಸ್ತೆಯ ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಅದು ದಾರಿಯಲ್ಲ, ಸುತ್ತು. ಆದರೂ ಆಗಾಗ ದೊಡ್ಡಮ್ಮ ಆ ದಾರಿಯಲ್ಲೇ ಬರುತ್ತಾಳೆ. ಗಾಜಿನ ಮುಂದೆ ನಿಂತು, ಒಳಗಿರುವ ಮೇಡಂ ತಲೆಯೆತ್ತಿ ನೋಡಿ ಮುಖ ತಿರುಗಿಸುವವರೆಗೆ ಕಾದು, ಆಮೇಲೆ ನಿಧಾನವಾಗಿ ಮನೆಯ ಕಡೆ ನಡೆಯುತ್ತಾಳೆ.