ಮಿದುಳಿನ ಮಿನುಗು ತೋರಿಸಿದ ಮೇಡಂ

ಮೇಡಂ ಅವರ ಬಲಗೈ ಸುಮ್ಮನೆ ಮೇಜಿನ ಮೇಲಿದ್ದಾಗಲೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಕಾಣದ ಮಾತ್ರೆಯೊಂದನ್ನು ಉರುಳಿಸುವಂತೆ. ಮೊದಲ ದಿನ ನಮ್ಮೆಲ್ಲರ ಕಣ್ಣು ಅಲ್ಲೇ ನೆಟ್ಟಿದ್ದನ್ನು ಕಂಡು ಅವರು ಆ ಕೈಯನ್ನೇ ಎತ್ತಿ ಹಿಡಿದರು.

"ಸರಿಯಾಗಿ ನೋಡ್ರಿ. ಇದು ಪಾರ್ಕಿನ್ಸನ್, ಮಿದುಳಿನ ಬ್ಯಾನಿ. ಇಷ್ಟು ವರ್ಷ ಇಲಿ ಮಿದುಳಾಗ ನಾ ಇದನ್ನ ಹುಡುಕಿದೆ. ಈಗ ಅದು ನನ್ನ ಹುಡುಕ್ಕೊಂಡು ಬಂದೈತಿ," ಎಂದು ನಕ್ಕರು.

ಬಳ್ಳಾರಿಯ ಕಾಲೇಜೊಂದರಲ್ಲಿ ಅವರು ನಡೆಸಿದ ತರಬೇತಿ ಅದು. ಇಲಿಯ ತಲೆಯ ಮೇಲೆ ಕೂರುವಷ್ಟು ಪುಟ್ಟ ಸೂಕ್ಷ್ಮದರ್ಶಕ. ಇಲಿ ಓಡಾಡುತ್ತಿರುವಾಗಲೇ ಅದರ ನರಕೋಶಗಳು ಮಿನುಗುವುದನ್ನು ಪರದೆಯ ಮೇಲೆ ತೋರಿಸುತ್ತದೆ. ಮೇಡಂ ಕುರುಗೋಡಿನವರು. ದೂರದ ಪ್ರಯೋಗಾಲಯಗಳಲ್ಲಿ ದುಡಿದವರು, ವೈದ್ಯರು ವಿಶ್ರಾಂತಿ ಹೇಳಿದ ಮೇಲೆ ಉಪಕರಣಗಳ ಸಮೇತ ನಮ್ಮ ಕಡೆ ಬಂದಿದ್ದರು. ನಾನು ದೇಶನೂರಿನವಳು, ಆಗಿನ್ನೂ ಎಂ.ಎಸ್ಸಿ. ವಿದ್ಯಾರ್ಥಿನಿ.

ಆಂಧ್ರದ ಕಡೆಯವರಿಗೆ ತೆಲುಗಿನಲ್ಲಿ, ನಮಗೆ ಕುರುಗೋಡಿನ ಕನ್ನಡದಲ್ಲಿ ಪಾಠ. ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ-ಮಿರ್ಚಿ ತರಿಸಿ ಹೊಟ್ಟೆ ತುಂಬ ತಿನ್ನಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡುತ್ತಿದ್ದರು. "ಖಾರದ ವಾಸನಿ ಐತಿ, ಇಲಿ ಬೆದರ್ತೈತಿ. ಮತ್ತ ತೊಳಕೊಂಡು ಬಾ."

ಕೊನೆಯ ದಿನ ಹೊರಗಿನಿಂದ ಹಿರಿಯ ವಿಜ್ಞಾನಿಯೊಬ್ಬರು ನೋಡಲು ಬಂದರು. ಮಿದುಳಿನೊಳಗೆ ಲೆನ್ಸ್ ಸರಿಯಾಗಿ ಕೂತಿದ್ದ ಇಲಿ ಒಂದೇ ಉಳಿದಿತ್ತು. ಅದರ ತಲೆಗೆ ಸೂಕ್ಷ್ಮದರ್ಶಕ ಕೂರಿಸಬೇಕಿತ್ತು. ಸ್ವಲ್ಪ ಎಡವಟ್ಟಾದರೂ ಇಲಿಗೆ ಪೆಟ್ಟು, ತಿಂಗಳುಗಳ ಶ್ರಮ ಹಾಳು. "ಹೊಸಬರ ಕೈಗೆ ಕೊಡಬೇಡಿ, ನಿಮ್ಮ ಸಹಾಯಕರು ಮಾಡಲಿ," ಎಂದರು ಅವರು.

"ಕಲ್ಯಾಕ ಬಂದೋರೇ ಮಾಡಬೇಕು ಸರ್," ಎಂದ ಮೇಡಂ ನನ್ನತ್ತ ತಿರುಗಿದರು. "ಬಾರವ್ವಾ."

"ಮೇಡಂ, ನನ್ನ ಕೈನೂ ನಡಗಾಕತ್ತೈತ್ರಿ."

"ನಿಂದು ಅಂಜಿಕಿ ನಡುಕ. ಅದು ಹೋಗ್ತೈತಿ. ಉಸಿರು ಬಿಡು, ಆಮ್ಯಾಲೆ ಇಡು."

ಇಟ್ಟೆ. ಜಾರಿತು. ಪರದೆ ಕಪ್ಪಗೇ ಇತ್ತು. ವಿಜ್ಞಾನಿ ಎದ್ದು ನಿಂತರು. ಮೇಡಂ ಇಲಿಯಿಂದ ಕಣ್ಣು ತೆಗೆಯದೆ, "ಕುಂದರ್ರಿ ಸರ್, ಇಲಿ ಆರಾಮ ಐತಿ," ಎಂದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಎಡಕ್ಕ ಸ್ವಲ್ಪ. ಹಾಂ. ಈಗ ಸ್ಕ್ರೂ ಬಿಗಿ ಮಾಡು."

ಪರದೆಯಲ್ಲಿ ಬೂದು ಮಂಜು ಕಾಣಿಸಿತು. ಫೋಕಸ್ ತಿರುಗಿಸಿ ಇಲಿಯನ್ನು ಬಿಟ್ಟೆ. ಅದು ಮೂಗೆತ್ತಿ ಮೂಲೆಗೆ ಓಡಿತು. ಮಂಜಿನೊಳಗೆ ಒಂದು ಚುಕ್ಕೆ ಹೊತ್ತಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಅಲ್ಲಲ್ಲಿ ಹಲವು. ವಿಜ್ಞಾನಿ ಪರದೆಯ ಹತ್ತಿರಕ್ಕೆ ಬಂದರು. ಮೇಡಂ ವಿಜ್ಞಾನಿಯ ಕಡೆ ತಿರುಗಿ, "ದೇಶನೂರಾಕಿ. ನನ್ನ ಹುಡುಗಿ," ಎಂದರು. ಅಷ್ಟು ಹೆಮ್ಮೆಯಿಂದ ಅದುವರೆಗೆ ಯಾರೂ ನನ್ನನ್ನು ಪರಿಚಯಿಸಿರಲಿಲ್ಲ.

ಈಗ ಆ ತರಬೇತಿಯನ್ನು ನಾನು ನಡೆಸುತ್ತಿದ್ದೇನೆ. ನನ್ನ ಮೊದಲ ತಂಡ ಮುಗಿದ ಮಾರನೆಯ ದಿನ ಲ್ಯಾಪ್‌ಟಾಪ್ ಹಿಡಿದು ಕುರುಗೋಡಿಗೆ ಹೋದೆ. ಮೇಡಂ ಹಾಸಿಗೆ ಹಿಡಿದಿದ್ದರು, ಮಾತು ತೊದಲುತ್ತಿತ್ತು. ದಿಂಬಿಗೆ ಒರಗಿಸಿ ಕೂರಿಸಿ, ಹುಡುಗರು ಮಾಡಿದ್ದ ರೆಕಾರ್ಡಿಂಗ್ ಹಾಕಿದೆ. ಚುಕ್ಕೆಗಳು ಮಿನುಗಿದವು.

"ಯಾರ ಕೈ?" ಎಂದು ಕೇಳಿದರು.

"ಸಿರುಗುಪ್ಪದ ಹುಡುಗಂದು ರೀ ಮೇಡಂ. ನಾ ಕಲಿಸಿದ್ದು."

ಅವರ ಮುಖ ಅರಳಿತು. "ಇನ್ನೊಮ್ಮಿ ಹಾಕು," ಎಂದರು.

ಹಾಕಿದೆ. ಅದೇ ನಮ್ಮ ಕೊನೆಯ ಭೇಟಿ. ಸಂಜೆಯ ಬಸ್ಸಿನ ಹೊತ್ತು ಮೀರುವವರೆಗೂ ಅವರು ಕೇಳುತ್ತಲೇ ಇದ್ದರು, ನಾನು ಹಾಕುತ್ತಲೇ ಇದ್ದೆ.