ಎರಡು ಬೆರಳಷ್ಟು ಜಾಗ

ಅವರ ಬಲ ಅಂಗೈಗೆ ಯಾವಾಗಲೂ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಮುಂಬೈನ ಮಲಾಡಿನಲ್ಲಿದ್ದ ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯುವ ಬಾಯಲ್ಲೇ ಸುಣ್ಣ ಬಳಿದ ಒಂದು ತಗ್ಗಾದ ತೊಲೆ. ಎತ್ತರದ ಗಾಡಿ ಬಂದರೆ ವಾಚ್‌ಮನ್ ಕಾಕಾ ಕೈಯೆತ್ತಿ, ತೊಲೆಗೂ ಗಾಡಿಯ ನೆತ್ತಿಗೂ ನಡುವೆ ಅಂಗೈ ತೂರಿಸಿ ನೋಡುತ್ತಿದ್ದರು. ಕೈ ಸಲೀಸಾಗಿ ಆಡಿದರೆ "ಬರ್ರಿ ಬರ್ರಿ". ಬಿಗಿಯಾದರೆ ಬಾನೆಟ್ಟಿನ ಮೇಲೆ ಧಡ್ ಎಂದು ಒಂದು ಏಟು. ಬಾಗಲಕೋಟೆ ಕಡೆಯವರು. ಬಿಲ್ಡಿಂಗ್ ಕಟ್ಟುವಾಗ ಗಾರೆ ಕೆಲಸಕ್ಕೆ ಬಂದವರು, ಮುಗಿದ ಮೇಲೆ ಅಲ್ಲೇ ಕಾವಲಿಗೆ ನಿಂತಿದ್ದರು.

ನಾನಾಗ ಮನೆಯಲ್ಲೇ ಅಡುಗೆ ಮಾಡಿ ಫೋರ್ಟಿನ ಆಫೀಸುಗಳಿಗೆ ಊಟ ಕಳಿಸುತ್ತಿದ್ದೆ. ಆರ್ಡರ್ ಹೆಚ್ಚಿದಾಗ ಧೈರ್ಯ ಮಾಡಿ, ಹಿಂದೆ ತಗಡಿನ ಮಾಡು ಇದ್ದ ಹಳೆಯ ಪಿಕಪ್ ಟ್ರಕ್ ಒಂದನ್ನು ಕೊಂಡೆ. ಸೊಸೈಟಿಯವರು ಅದನ್ನು ಅಂಗಳದಲ್ಲಿ ನಿಲ್ಲಿಸಲು ಬಿಡಲಿಲ್ಲ. ನನಗಿದ್ದದ್ದು ನೆಲಮಾಳಿಗೆಯ ಜಾಗ ಮಾತ್ರ. ಅಲ್ಲಿನ ಬೋರ್ಡಿನಲ್ಲಿ ಬರೆದಿದ್ದ ಎತ್ತರ ನೋಡಿಕೊಂಡೇ ಗಾಡಿ ಆರಿಸಿದ್ದೆ. ಕಾಕಾ ರಜೆಯಲ್ಲಿದ್ದ ಒಂದು ಸಂಜೆ, ಅಕ್ಕಿಮೂಟೆ, ಹಂಡೆ, ಒಲೆಗಳನ್ನೆಲ್ಲ ಹೇರಿಕೊಂಡು ಒಳಗೆ ಇಳಿಸಿದೆ. ಕೂದಲೆಳೆಯ ಅಂತರದಲ್ಲಿ ದಾಟಿತು. ಸಾಮಾನು ಇಳಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಊಟದ ಪಾತ್ರೆಗಳನ್ನು ಗೇಟಿನ ಬಳಿ ಸಾಲಾಗಿ ಇಡಿಸಿ, ಖಾಲಿ ಗಾಡಿಯನ್ನು ಹೊರಗೆ ತರುತ್ತಿದ್ದೆ. ಮೂತಿ ದಾಟಿತು. ಹಿಂದಿನ ಮಾಡು ಕರ್ ಎಂದು ತೊಲೆಗೆ ಕಚ್ಚಿಕೊಂಡಿತು. ಅತ್ತ ಇಲ್ಲ, ಇತ್ತ ಇಲ್ಲ. ಹಿಂದೆ ಆಫೀಸಿಗೆ ಹೊರಟವರ ಕಾರುಗಳ ಹಾರ್ನ್. "ಕ್ರೇನ್ ಬುಲಾವೋ! ನಹೀ ತೋ ಛತ್ ಕಾಟ್ ಡಾಲೋ!" ಎಂದು ಸೊಸೈಟಿಯ ಸೆಕ್ರೆಟರಿ ಕೂಗಾಡಿದರು. ಕ್ರೇನ್ ತರಿಸಬೇಕಂತೆ, ಇಲ್ಲವೇ ಮಾಡನ್ನೇ ಕತ್ತರಿಸಬೇಕಂತೆ. ಅದು ನನ್ನ ಮೊದಲ ದೊಡ್ಡ ಆರ್ಡರ್. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆ ದಿನವೇ ಕೆಲಸಕ್ಕೆ ಮರಳಿದ್ದ ಕಾಕಾ ಬಗ್ಗಿ ಚಕ್ರಗಳನ್ನು ನೋಡಿದರು.

"ಅಕ್ಕಾರ, ನಿನ್ನೆ ಏನ್ ತುಂಬ್ಕೊಂಡ್ ಬಂದಿದ್ರಿ?"

"ಅಕ್ಕಿಮೂಟೆ, ಪಾತ್ರೆ... ಎಲ್ಲ ಇತ್ತು ಮಾರಾಯ್ರೇ."

"ಅದಕ್ಕs. ಭಾರಕ್ಕ ಗಾಡಿ ಕುಂತಿತ್ತು. ಈಗ ಹಗುರಾಗಿ ಎದ್ದು ನಿಂತೈತಿ. ಮತ್ತ ಕುಂದರ್ಸಿದ್ರ ಆತು. ಅಳಬ್ಯಾಡ್ರಿ."

ಹಿಂದಿನ ಟೈರುಗಳಿಂದ ಒಂದಿಷ್ಟು ಗಾಳಿ ಬಿಟ್ಟರು. ಆಮೇಲೆ ಕಸ ಗುಡಿಸುವವರು, ಹಾಲಿನವರು, ವಾಕಿಂಗ್ ಮುಗಿಸಿ ಬಂದ ಹೆಂಗಸರು, ಎಲ್ಲರನ್ನೂ ಗಾಡಿಯ ಹಿಂಭಾಗಕ್ಕೆ ಹತ್ತಿಸಿದರು. ಕೊನೆಗೆ ದಪ್ಪ ಮೈಯ ಸೆಕ್ರೆಟರಿಯ ಕಡೆ ತಿರುಗಿ, "ಸಾಬ್, ಆಪ್ ಭೀ ಬೈಠೋ. ವಜನ್ ಚಾಹಿಯೇ" ಎಂದು ಅವರ ಭಾರವನ್ನೂ ಕೇಳಿದರು. ಹಾರ್ನ್ ಹೊಡೆಯುತ್ತಿದ್ದವರೂ ನಕ್ಕರು. ಸೆಕ್ರೆಟರಿ ಮುಖ ಗಂಟಿಕ್ಕಿಕೊಂಡೇ ಹತ್ತಿ ಕೂತರು. ತಗಡು ತೊಲೆಯಿಂದ ಎರಡು ಬೆರಳಷ್ಟು ಕೆಳಗಿಳಿಯಿತು.

"ಸಣ್ಣಗ... ಇನ್ನಾ ಸಣ್ಣಗ... ನಿಲ್ಸಬ್ಯಾಡ್ರಿ!"

ಗಾಡಿ ಹೊರಬಂತು. ಟೈರಿಗೆ ಮತ್ತೆ ಗಾಳಿ ತುಂಬಿಸಿ, ಪಾತ್ರೆಗಳನ್ನು ಹೇರಿಕೊಂಡು ಹೊರಟೆ. ಊಟ ಹೊತ್ತಿಗೆ ಸರಿಯಾಗಿ ಫೋರ್ಟ್ ಸೇರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರದ ಸೊಸೈಟಿ ಮೀಟಿಂಗಿನಲ್ಲಿ, ಗಾಡಿ ಬಿಲ್ಡಿಂಗಿನಿಂದಲೇ ಹೋಗಬೇಕೆಂದು ಸೆಕ್ರೆಟರಿ ಪಟ್ಟು ಹಿಡಿದರು. ಬೋರ್ಡ್ ನೋಡಿಯೇ ಕೊಂಡೆ ಎಂದರೆ ಯಾರೂ ಕೇಳಲಿಲ್ಲ. ಆಗ ಎಲ್ಲರಿಗೂ ಚಹಾ ಕೊಡುತ್ತಿದ್ದ ಕಾಕಾ ತಟ್ಟೆ ಕೆಳಗಿಟ್ಟು, "ಬೋರ್ಡ್ ಗಲತ್ ಹೈ ಸಾಬ್" ಎಂದರು. ಬೋರ್ಡ್ ಬರೆದ ಮೇಲೆ ಇಳಿಜಾರಿಗೆ ಇನ್ನೊಂದು ಪದರ ಕಾಂಕ್ರೀಟ್ ಬಿದ್ದಿತ್ತು, ಎತ್ತರವನ್ನು ಯಾರೂ ತಿದ್ದಿರಲಿಲ್ಲ. ಎಲ್ಲರನ್ನೂ ಕೆಳಗೆ ಕರೆದೊಯ್ದು ಟೇಪು ಹಿಡಿದು ತೋರಿಸಿದರು. ಸೆಕ್ರೆಟರಿ ತಾವೇ ಟೇಪು ಇಸಿದುಕೊಂಡು ಮತ್ತೊಮ್ಮೆ ಅಳೆದರು. ಮುಂದಿನ ವಾರವೇ ಆ ಪದರ ಕೆತ್ತಿಸಿದರು. ನನ್ನ ಗಾಡಿಯೂ ಉಳಿಯಿತು, ಕಸುಬೂ ಉಳಿಯಿತು.

"ನಿಮ್ಮ ಕೆಲಸ ಹೋಗಿದ್ದರೆ ಏನು ಮಾಡ್ತಿದ್ರಿ?" ಎಂದು ಆಮೇಲೆ ಕೇಳಿದೆ.

"ಆ ಕಾಂಕ್ರೀಟ್ ಹಾಕಿದಾಂವ ನಾನs ಅಲ್ರೀ. ಸುಮ್ನ ಹ್ಯಾಂಗ ನಿಂದರ್ಲಿ?"

ಮಂಡಿನೋವು ಹೆಚ್ಚಾಗಿ ಎರಡು ವರ್ಷದ ಹಿಂದೆ ಊರಿಗೆ ಹೋದರು. ಬಸ್ಸಿನವರೆಗೆ ಪಿಕಪ್ಪಿನಲ್ಲೇ ಬಿಟ್ಟುಬಂದೆ. ಹಬ್ಬಗಳಿಗೆ ಫೋನ್ ಮಾಡಿದಾಗ, ನನಗಿಂತ ಮೊದಲು ಗಾಡಿಯ ಆರೋಗ್ಯ ವಿಚಾರಿಸುತ್ತಿದ್ದರು. ಹೋದ ತಿಂಗಳು ಅವರ ಸೊಸೆ ಫೋನ್ ಮಾಡಿ, "ಮಾವಾರು ಹೋದ್ರು" ಎಂದಳು. ಆಮೇಲೆ ಅವಳು ಸಂಕೋಚದಿಂದ ಕೇಳಿದಳು:

"ಮುಂಬೈದಾಗ ನಂದೊಂದ್ ಗಾಡಿ ಐತಿ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತಿದ್ರು. ಖರೇನ ಅಕ್ಕಾರ?"

"ಖರೆ," ಎಂದೆ. "ಅವರದೇ."