ಅರಿಶಿನದ ಸೀರೆ ಕಪ್ಪಾದದ್ದು

ಕೋವಿಡ್ ಮುಗಿದ ಮರುವರ್ಷದ ಮಾತು. ನಾನಾಗ ಹುಣಸೂರಿನ ಹೊರವಲಯದಲ್ಲಿದ್ದ ಒಂದು ನೈಸರ್ಗಿಕ ಬಣ್ಣಗಾರಿಕೆ ಘಟಕದಲ್ಲಿ ಮುಖ್ಯ ತರಬೇತುದಾರಳಾಗಿದ್ದೆ. ಅಂಗವಿಕಲರಿಗೆಂದೇ ತೆರೆದಿದ್ದ ಘಟಕ ಅದು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಬಸ್ಸು ಹತ್ತಿ ಬರುವವರಿದ್ದರು. ನಮ್ಮದು ಬಣ್ಣಗಾರರ ಮನೆತನ. ಅಬ್ಬಾನ ಹಂಡೆಯ ಪಕ್ಕದಲ್ಲೇ ಬೆಳೆದವಳು ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರಿಗೇ ಗೊತ್ತು. ಘಟಕ ನೋಡಲು ಬಂದ ದೊಡ್ಡ ಮನುಷ್ಯರು ‘ಪಾಪ, ಇವರಿಗೂ ಹೊತ್ತು ಹೋಗುತ್ತಲ್ಲ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊತ್ತು ಕಳೆಯಲು ಯಾರಾದರೂ ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು ಬೇಯುತ್ತಾರೇನ್ರೀ?

ಪುಟ್ಟತಾಯಿ ಸೇರಿದ್ದು ಆಗಲೇ. ವೀರನಹೊಸಹಳ್ಳಿ ರಸ್ತೆಯ ಒಂದು ಹಳ್ಳಿಯವಳು, ಮೂವತ್ತರ ಆಸುಪಾಸು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಕಡಿಮೆ. ತಂದೆತಾಯಿ ತೀರಿಕೊಂಡ ಮೇಲೆ ಅಣ್ಣ ಸ್ವಾಮಿಗೌಡರ ಮನೆಯಲ್ಲಿದ್ದಳು. ಜಮೀನಿದ್ದ ಕುಟುಂಬ, ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ‘ತಂಗೀನ ದುಡ್ಸಿ ತಿಂತಾನೆ ಅಂತ ಜನ ಆಡ್ಕಬಾರ್ದು ಮೇಡಂ’ ಎಂದು ಗೌಡರು ಹಿಂದುಮುಂದು ನೋಡಿಯೇ ಕಳಿಸಿದ್ದರು.

ಅವಳು ಕಲಿತದ್ದು ನಿಧಾನವಾಗಿ, ಬಿಟ್ಟೂಬಿಡದೆ. ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ನೆನೆಸುವುದು, ಬಣ್ಣ ಕಚ್ಚಿಕೊಳ್ಳಲೆಂದು ಪಟಿಕದ ನೀರಿನಲ್ಲಿ ಅದ್ದುವುದು, ಆಮೇಲೆ ಚೆಂಡುಹೂವಿನ ಕಷಾಯಕ್ಕೆ ಇಳಿಸುವುದು. ಮೊದಮೊದಲು ಒಂದನ್ನು ಮಾಡಿ ಇನ್ನೊಂದನ್ನು ಮರೆಯುತ್ತಿದ್ದಳು, ನಾನು ರೇಗುತ್ತಿದ್ದೆ. ಅವಳು ನನ್ನ ಮುಖ ನೋಡಿ ನಗುತ್ತಿದ್ದಳು. ಮಳೆಗಾಲ ಬರುವಷ್ಟರಲ್ಲಿ ಹಳದಿ ಹಂಡೆಯ ಜವಾಬ್ದಾರಿ ಪೂರ್ತಿ ಅವಳದಾಯಿತು. ಮನೆಯಲ್ಲಿ ಯಾರೂ ಒಂದು ಲೋಟ ತೊಳೆಯಲೂ ಬಿಡದ ಹುಡುಗಿ, ಇಲ್ಲಿ ಬೇರೆಯವರು ಹಂಡೆಗೆ ಕೈಯಿಟ್ಟರೆ ‘ನಂದು’ ಎಂದು ಗದರುವಷ್ಟು ಬೆಳೆದಳು.

ಅಷ್ಟರಲ್ಲಿ ಗೌಡರ ಮಗಳು ರಮ್ಯಳ ಮದುವೆ ನಿಶ್ಚಯವಾಯಿತು. ಆ ಹುಡುಗಿ ಒಂದು ದಿನ ಘಟಕಕ್ಕೇ ಬಂದು, ‘ಅರಿಶಿನ ಶಾಸ್ತ್ರಕ್ಕೆ ನೀನ್ ಬಣ್ಣ ಹಾಕಿದ್ ಸೀರೇನೇ ಉಡ್ತೀನಿ ಕಣತ್ತೆ’ ಅಂದಳು. ಪುಟ್ಟತಾಯಿ ಕುಣಿದಾಡಿಬಿಟ್ಟಳು. ನನಗೂ ಒಳಗೊಳಗೇ ಹಿಗ್ಗು. ನೆಂಟರಿಷ್ಟರ ಮುಂದೆ ಅದನ್ನುಟ್ಟು ಮದುಮಗಳು ಕೂತರೆ, ಇವಳು ಕೆಲಸ ಬಲ್ಲವಳು ಎಂಬುದನ್ನು ಮನೆಯೂ ಒಪ್ಪಿದಂತೆ, ಊರೂ ಒಪ್ಪಿದಂತೆ.

ಅವಳೇ ಹೂವು ಬಿಡಿಸಿದಳು, ಅವಳೇ ಕುದಿಸಿದಳು. ಸಂಜೆ ಸೀರೆಯನ್ನು ಹಂಡೆಗಿಳಿಸಿ, ರಾತ್ರಿಯೆಲ್ಲ ಅದರಲ್ಲೇ ತಣಿಯಲು ಬಿಟ್ಟು ಹೊರಟೆವು. ಬೆಳಗ್ಗೆ ಮುಚ್ಚಳ ತೆಗೆದರೆ, ಯಾ ಅಲ್ಲಾ! ಸೀರೆ ಹಳದಿಯಿಲ್ಲ. ಕಪ್ಪು ಹಸಿರು, ಅಲ್ಲಲ್ಲಿ ಮಸಿಯಂಥ ಕಲೆ. ಕೋಲು ಹಾಕಿ ಕೆದಕಿದೆ. ತಳದಲ್ಲಿ ತುಕ್ಕು ಹಿಡಿದ ಎತ್ತಿನ ಲಾಳವೊಂದು ಸಿಕ್ಕಿತು.

‘ಯಾರೇ ಹಾಕಿದ್ದು ಇದನ್ನ?’ ಎಂದು ಕಿರುಚಿದೆ.

‘ನಾನೇ. ದಿಸ್ಟಿ ಆಗ್ಬಾರ್ದು ರಮ್ಯಂಗೆ’ ಅಂದಳು ಪುಟ್ಟತಾಯಿ.

ನಮ್ಮ ಕಡೆ ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣ ಇಡುತ್ತಾರೆ, ಬಾಡೂಟದ ಬುತ್ತಿ ಒಯ್ಯುವಾಗಲೂ ಒಂದು ಚೂರು ಜೊತೆಗಿಡುತ್ತಾರೆ. ಕೆಟ್ಟ ಕಣ್ಣು, ಗಾಳಿಗೀಳಿ ಸೋಕದಿರಲೆಂದು. ಮದುವೆ ಮನೆಯ ಸೀರೆಗೆ ಅವಳು ಮಾಡಿದ್ದೂ ಅದನ್ನೇ. ಆದರೆ ಅಳಲೆಕಾಯಿ ಕುಡಿದ ಬಟ್ಟೆಗೆ ಕಬ್ಬಿಣ ಸೋಕಿದರೆ ಕಪ್ಪಾಗದೆ ಬೇರೆ ದಾರಿಯಿಲ್ಲ. ನಾನು ಎಷ್ಟೋ ಜನಕ್ಕೆ ಬಣ್ಣ ಕಲಿಸಿದ್ದೇನೆ. ಅಷ್ಟು ಪ್ರೀತಿಯಿಂದ ಬಟ್ಟೆ ಕೆಡಿಸಿದ ಇನ್ನೊಬ್ಬರನ್ನು ಮಾತ್ರ ಕಂಡಿಲ್ಲ.

ಶಾಸ್ತ್ರಕ್ಕೆ ಇನ್ನೂ ಸಮಯವಿತ್ತು. ಬೇರೆ ಸೀರೆಗೆ ಅವಳ ಕೈಯಿಂದಲೇ ಬಣ್ಣ ಹಾಕಿಸುತ್ತೇನೆ ಎಂದು ಗೌಡರಿಗೆ ಫೋನ್ ಮಾಡಿದೆ. ‘ಬುಡಿ ಮೇಡಂ, ಸುಬ ಕಾರ್ಯ. ಮೈಸೂರಿಂದ ತತ್ತೀವಿ’ ಅಂದರು. ರಮ್ಯ ಹಟ ಹಿಡಿದು ಅತ್ತಳಂತೆ, ಹಿರಿಯರು ಕೇಳಲಿಲ್ಲ. ಅಂಗಡಿಯ ಸೀರೆಯಲ್ಲೇ ಅರಿಶಿನ ಮುಗಿಯಿತು. ಮದುವೆಯಾದ ಮೇಲೆ ಪುಟ್ಟತಾಯಿಯನ್ನು ಕೆಲಸಕ್ಕೆ ಕಳಿಸಲೂ ಇಲ್ಲ.

ಕಾದೂ ಕಾದೂ ಸಾಕಾಗಿ, ಆಟೋ ಮಾಡಿಕೊಂಡು ನಾನೇ ಅವರ ಮನೆಗೆ ಹೋದೆ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಗೂಡಿನಲ್ಲಿ ತುಂಬಿ ಬೆಂಕಿಯ ಕಾವಿನಲ್ಲಿ ಬೇಯಿಸುವ ಕಾಲ. ಅಂಗಳದ ತುಂಬ ಕರಕಲು ಎಲೆ ಸುರಿದಿತ್ತು. ಗೌಡರು ಕಾಫಿ ಕೊಡಿಸಿ, ‘ಒಂದು ಬ್ಯಾರನ್ ಪೂರ್ತಿ ಹೋಯ್ತು ಮೇಡಂ. ಬೆಂಕಿ ಮುಂದೆ ಕೂತಿದ್ದೋನಿಗೆ ಕಣ್ಣು ಅತ್ಕಬುಡ್ತು. ಏನ್ಮಾಡಾದು, ಮುಂದಿಂದು ಸರ್ಯಾಗಿ ಬೇಯಿಸ್ತೀನಿ’ ಎಂದು ನಕ್ಕರು.

‘ನಿಮಗೆ ಮುಂದಿನದು ಅಂತ ಒಂದಿದೆಯಲ್ಲ ಗೌಡ್ರೇ. ಅವಳಿಗೆ ಯಾಕಿಲ್ಲ?’ ಎಂದು ಕೇಳಿದೆ.

ಗೌಡರು ಕಾಫಿ ಲೋಟ ಕೆಳಗಿಟ್ಟರು. ‘ಅದೇ ಬೇರೆ, ಇದೇ ಬೇರೆ ಕಣ್ರೀ. ಅವ್ಳ ಕೈಲಾಗಾ ಕೆಲ್ಸ ಅಲ್ಲ ಅಂತ ಗೊತ್ತಾಯ್ತಲ್ಲ. ಪಾಪ, ಮನೇಲೇ ಇರ್ಲಿ.’

ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದೊಂದೇ. ಎಲ್ಲರಿಗೂ ಕೆಡಿಸುವ ಹಕ್ಕಿದೆ. ನಾನು ಹಾಳು ಮಾಡಿದ ಬಟ್ಟೆಗಳಿಗೆ ಲೆಕ್ಕವಿಲ್ಲ, ಅಬ್ಬಾ ಬೈದರೇ ಹೊರತು ಮನೆಯಲ್ಲಿ ಕೂರು ಅನ್ನಲಿಲ್ಲ. ಪುಟ್ಟತಾಯಿಯಂಥವರಿಗೆ ಮಾತ್ರ ಮೊದಲ ತಪ್ಪೇ ಕೊನೆಯ ತೀರ್ಪು. ಕೆಲಸ ಕೊಟ್ಟೆವು ಎಂದು ಹೇಳಿಕೊಳ್ಳುವ ನಾವು ಈ ಹಕ್ಕನ್ನು ಅವರಿಗೆ ಕೊಡಿಸಲಿಲ್ಲವೆಂದರೆ ಕೊಟ್ಟದ್ದು ಕೆಲಸವೇ ಅಲ್ಲ.

ಹೊರಡಲೆಂದು ಎದ್ದೆ. ಅಂಗಳಕ್ಕೆ ಬಂದು ನೋಡಿದರೆ ಪುಟ್ಟತಾಯಿ ನನಗಿಂತ ಮೊದಲೇ ಆಟೋದಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಊಟದ ಡಬ್ಬಿ. ಅಣ್ಣ ಗದರಿದ್ದರೆ ನಾನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಗದರಲಿಲ್ಲ. ‘ಬಾ ಕಣವ್ವ’ ಎಂದು ಮೆತ್ತಗೆ ಕೈ ಹಿಡಿದು ಇಳಿಸಿಕೊಂಡರು.